ಕೆಂಪು ಗ್ರೈಂಡರಿನ ಗಂಟೆ

ಗುಣವತಿಯ ಗ್ರೈಂಡರು ಸತ್ತದ್ದು ಚೌತಿ ಕಳೆದು ನಾಲ್ಕನೆಯ ದಿನ, ಮಧ್ಯಾಹ್ನ ಮೂರೂವರೆಗೆ, ಅರ್ಧ ಅರೆದ ಉದ್ದಿನ ಹಿಟ್ಟು ಒಳಗಿರುವಾಗಲೇ. ಸತ್ತದ್ದು ಅಂದರೆ ಸತ್ತದ್ದೇ. ಮೊದಲು ಒಂದು ಗುರುಗುರು, ಆಮೇಲೆ ಸುಟ್ಟ ರಬ್ಬರಿನ ವಾಸನೆ, ಆಮೇಲೆ ಆ ಹೊತ್ತಿಗೆ ಆ ಅಡುಗೆಮನೆಯಲ್ಲಿ ಹನ್ನೊಂದು ವರ್ಷದಿಂದ ಯಾರೂ ಕೇಳಿರದ ಮೌನ. ಜಗಲಿಯಲ್ಲಿ ಕೂತು ಪೇಪರು ಓದುತ್ತಿದ್ದ ಗಂಡ ವೆಂಕಟ ತಲೆ ಎತ್ತಿದ.

"ಕರೆಂಟ್ ಹೋಯ್ತಾ?"

"ಕರೆಂಟ್ ಇತ್ತ್. ಗ್ರೈಂಡರ್ ಹೋಯ್ತ್," ಅಂದಳು ಗುಣವತಿ.

ಉಪ್ಪುಂದದ ಬಸ್ ಸ್ಟಾಪಿನ ಹತ್ತಿರ ಗೋವರ್ಧನನ ಕ್ಯಾಂಟೀನು ಇದೆಯಲ್ಲ, ಅಲ್ಲಿ ಬೆಳಿಗ್ಗೆ ದೋಸೆ ತಿಂದವರೆಲ್ಲ ಗುಣವತಿಯ ಹಿಟ್ಟು ತಿಂದವರೇ. ದಿನಕ್ಕೆ ಇಪ್ಪತ್ತು ಲೀಟರು. ಮಧ್ಯಾಹ್ನ ಅರೆದು, ರಾತ್ರಿ ಹುಳಿ ಬರಲು ಬಿಟ್ಟು, ಬೆಳಿಗ್ಗೆ ಐದೂವರೆಗೆ ನಾಲ್ಕು ಡಬ್ಬಿಯಲ್ಲಿ ಮುಟ್ಟಿಸುವುದು. ಗೇರುಬೀಜದ ಕಾರ್ಖಾನೆಯ ಹೊಗೆ ಕುಡಿದು ಎದೆ ಕೆಡಿಸಿಕೊಂಡು ವೆಂಕಟ ಮನೆಯಲ್ಲಿ ಕೂತ ಮೇಲೆ ಆ ಮನೆ ನಿಂತದ್ದು ಈ ಹಿಟ್ಟಿನ ಮೇಲೆ. ಮಗ ಯತೀಶನ ಮದುವೆಯ ಕರಿಮಣಿಯೂ ಇದರದ್ದೇ, ಸೊಸೆ ಸೌಜನ್ಯಳ ಹೊಲಿಗೆ ಮಿಷಿನೂ ಇದರದ್ದೇ.

ಬೈಂದೂರಿನ ಮೋಟಾರು ರಿಪೇರಿಯವನು ಮುಚ್ಚಳ ಬಿಚ್ಚಿ ಮೂಸಿ ನೋಡಿ ಮತ್ತೆ ಮುಚ್ಚಿದ. "ಗುಣಕ್ಕ, ಇದ್ಕೆ ಮೂರ್ ಸಲ ತಂತಿ ಸುತ್ತಿದ್ದೆ. ಇನ್ ಆತಿಲ್ಲೆ. ಇದನ್ನ ಇನ್ ಇಲ್ಲಿಗೆ ತರ್ಬೇಡಿ."

ಆಗ ಗುಣವತಿ ಹೆದರಲಿಲ್ಲ. ಚೀಟಿ ಎತ್ತಿದ ಹದಿನೈದು ಸಾವಿರ ಇತ್ತು. ಯತೀಶನ ಬ್ಯಾಂಕಿನ ಖಾತೆಯಲ್ಲಿ ಹಾಕಿಸಿ ಇಟ್ಟಿದ್ದಳು. ಕುಂದಾಪುರದಲ್ಲಿ ದೇವು ಅಂತ, ಅವಳ ತವರಿನ ಕಡೆಯವನು, ಮಿಕ್ಸಿ ಗ್ರೈಂಡರು ಮಾರುವ ಅಂಗಡಿ ಇಟ್ಟಿದ್ದಾನೆ. ಐದು ಲೀಟರಿನದ್ದು, ಓರೆ ಮಾಡಿ ಹಿಟ್ಟು ಸುರಿಯುವ ಜಾತಿಯದ್ದು, ಹದಿನಾಲ್ಕೂವರೆ ಸಾವಿರ ಅಂತ ಫೋನಿನಲ್ಲೇ ಹೇಳಿದ್ದ. ಮರುದಿನ ಹೋಗಿ ತರುವುದು ಅಂತ ಅವಳು ಲೆಕ್ಕ ಹಾಕಿದ್ದಳು.

ಸಂಜೆ ಯತೀಶ ಬಂದ. ಅವನು ಕುಂದಾಪುರ–ಬೈಂದೂರು ಬಸ್ಸಿನಲ್ಲಿ ಕಂಡಕ್ಟರು. ಮೂವತ್ತೊಂದು ವರ್ಷ, ಮಾತು ಜಾಸ್ತಿ, ಒಂದು ರೂಪಾಯಿ ಚಿಲ್ಲರೆಗೂ ಪ್ರಯಾಣಿಕರ ಹತ್ತಿರ ಜಗಳ ಆಡುವವನು. ಚೀಲ ಇಳಿಸುವ ಮೊದಲೇ ಶುರು ಮಾಡಿದ.

"ಅಮ್ಮ, ಅಂಗಡಿಗೆ ಹೋಪ್ದ್ ಬ್ಯಾಡ. ಈಗಿನ ಕಾಲ್ದಗೆ ಯಾರ್ ಅಂಗಡಿಗೆ ಹೋತ್ರ್? ಎಲ್ಲ ಫೋನಗೇ ಬತ್ತ್."

"ಫೋನಗೆ ಗ್ರೈಂಡರ್ ಹಿಡಿತ್ತಾ?" ಅಂದ ವೆಂಕಟ.

"ನೀವ್ ಸುಮ್ನಿರಿ ಅಪ್ಪಯ್ಯ. ಇದ್ ಬೇರೆ. ಕಾಲೇಜಿಗೆ ಹೋಪ ಒಂದ್ ಹುಡ್ಗಿ ಬಸ್ಸಗೆ ತೋರ್ಸ್ಕೊಟ್ಟಳ್. ದರ ಕಾಯು ಆಪ್ ಅಂಬ್ರ್ ಇದಕ್ಕೆ."

2017ನೆಯ ಇಸವಿ ಅದು. ಇಂಟರ್ನೆಟ್ಟು ಪುಕ್ಕಟೆಯ ಹಾಗೆ ಆಗಿ ವರ್ಷ ಕಳೆದಿತ್ತು, ಬಸ್ಸಿನಲ್ಲಿ ಕಿಟಕಿಯಾಚೆ ನೋಡುವವರೇ ಇರಲಿಲ್ಲ. ಯತೀಶ ನೆಲದ ಮೇಲೆ ಕೂತು ಫೋನನ್ನು ಎಲ್ಲರಿಗೂ ಕಾಣುವ ಹಾಗೆ ಹಿಡಿದ. ಹಸಿರು ಬಣ್ಣದ ಅಡಿ, ಸ್ಟೀಲಿನ ಪಾತ್ರೆ, ಒಳಗೆ ಮೂರು ಗುಂಡು ಕಲ್ಲು. ಗುಣವತಿಗೆ ಬೇಕಾದದ್ದೇ ಅದು.

"ಕಾಣ್ ಅಮ್ಮ. ಇಪ್ಪತ್ತೆರ್ಡ್ ಸಾವ್ರದ್ದ್, ಮೂವತ್ತೆಂಟ್ ಪರ್ಸೆಂಟ್ ಕಡಿಮಿ ಮಾಡಿ ಹದ್ಮೂರ್ ಸಾವ್ರದ ಆರ್ನೂರ್ ಅಂದೇಳಿ ಬರ್ದಿತ್ತಲ? ಸುಳ್ಳ್. ಈ ಗೆರಿ ಕಾಣ್. ಒಂದೂವರಿ ವರ್ಷದಗೆ ಒಂದ್ ದಿವ್ಸವೂ ಅವ್ರ್ ಇದನ್ನ ಇಪ್ಪತ್ತೆರ್ಡಕ್ಕೆ ಮಾರ್ಲಿಲ್ಲೆ. ಮಾರದ್ ದರ ಬರ್ದ್, ಅದನ್ನೇ ಹೊಡ್ದ್ ಹಾಕಿ, ಕಡಿಮಿ ಅಂಬ್ದ್."

ಗೆರೆ ಒಂದು ಕಡೆ ಏರಿ ಒಂದು ಕಡೆ ಇಳಿದು ಹೋಗಿತ್ತು. ವೆಂಕಟ ಕನ್ನಡಕ ಹಾಕಿಕೊಂಡು ನೋಡಿ ತಲೆದೂಗಿದ. "ನಮ್ಮ ಕಾರ್ಖಾನಿ ಧಣಿಗೂ ಹೀಂಗೊಂದ್ ಗೆರಿ ಇರ್ಬೇಕಿತ್ತ್."

"ಹೋದ್ ನವರಾತ್ರಿ ಎದ್ರಿಗೆ ಹನ್ನೊಂದ್ ಸಾವ್ರದ ಎಂಟ್ನೂರಕ್ಕೆ ಇಳ್ದಿತ್ತ್. ಈ ಸಲವೂ ಇಳಿತ್ತ್. ಹನ್ನೆರ್ಡರ ಕೆಳ್ಗ್ ಬಂದ್ರೆ ಗಂಟಿ ಹೊಡಿತ್ತ್. ಗಂಟಿ ಹೊಡ್ದ್ ಕೂಡ್ಲೆ ತಕಂಬ್ದ್. ದೇವುಗೆ ಎರಡೂವರಿ ಸಾವ್ರ ಎಂತಕ್ಕೆ ದಾನ ಮಾಡುದ್?"

ಎರಡೂವರೆ ಸಾವಿರ ಸಣ್ಣ ಮಾತಲ್ಲ. ಗುಣವತಿ ಒಪ್ಪಿದಳು. ಹಿತ್ತಲಿನಲ್ಲಿ ತೊಂಡೆಬಳ್ಳಿಯ ಅಡಿ ಬಿದ್ದಿದ್ದ ಹಳೆಯ ಅರೆಯುವ ಕಲ್ಲನ್ನು ತಾನೂ ಸೊಸೆಯೂ ಸೇರಿ ಉರುಳಿಸಿ ತಂದು, ತೆಂಗಿನ ನಾರಿನಲ್ಲಿ ಉಜ್ಜಿ ತೊಳೆದರು. ಒಂದು ವಾರ ತಾನೇ, ಅಂದುಕೊಂಡರು.

ಸೆಪ್ಟೆಂಬರು ಒಂದನೇ ತಾರೀಕು ಸೌಜನ್ಯ ಫೋನು ಹಿಡಿದುಕೊಂಡೇ ಅಡುಗೆಮನೆಗೆ ಬಂದಳು. ಬ್ರಹ್ಮಾವರದ ಹುಡುಗಿ ಅವಳು, ಮಾತು ಕಡಿಮೆ. ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು.

"ಅತ್ತೆ, ಬೆಳಿಗ್ಗೆ ಹದ್ಮೂರ್ ಸಾವ್ರದ ಆರ್ನೂರ್ ಇದ್ದಿತ್. ಈಗ ಹದ್ನಾಲ್ಕ್ ಆಯ್ತ್."

ಗುಣವತಿ ಕಲ್ಲು ನಿಲ್ಲಿಸಿದಳು. "ನೀನ್ ಎಷ್ಟ್ ಸಲ ಕಂಡೆ?"

"ನಾಕೈದ್ ಸಲ."

"ಹಾಂ. ಗೊತ್ತಾಯ್ತ್."

ಇಲ್ಲಿ ಒಂದು ವಿಷಯ ಹೇಳಬೇಕು. ಗುಣವತಿಯ ತಾಯಿ ನಾಗು ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಶಿರೂರಿನಿಂದ ಬೈಂದೂರಿನ ತನಕ ಮನೆಮನೆ ತಿರುಗಿದವಳು. ಬುಟ್ಟಿ ಇಳಿಸಿ ಸೊಪ್ಪು ಸರಿಸುವಾಗ ಅವಳು ಮೀನು ನೋಡುತ್ತಿರಲಿಲ್ಲ, ಕೊಳ್ಳುವವಳ ಕಣ್ಣು ನೋಡುತ್ತಿದ್ದಳು. ಯಾವ ಮೀನಿನ ಮೇಲೆ ಕಣ್ಣು ಎರಡು ಸಲ ಹೋಯಿತೋ ಅದಕ್ಕೆ ಎರಡು ರೂಪಾಯಿ ಜಾಸ್ತಿ. ಆ ತಾಯಿಯ ಮಗಳು ಮಾರ್ಕೆಟ್ಟಿಗೆ ಹೋದರೆ ಹೇಗೆ ಹೋಗಬೇಡ? ಬಂಗುಡೆ ಬೇಕಾದರೆ ಬಂಗುಡೆಯ ಬುಟ್ಟಿಗೆ ಬೆನ್ನು ಹಾಕಿ ನಿಲ್ಲುವವಳು. ಬದಿಯ ಬುಟ್ಟಿಯ ಬೂತಾಯಿಯನ್ನು ಎತ್ತಿ, ಕಿವಿರು ಬಿಡಿಸಿ, ಮೂಗು ಮುರಿದು, ದರ ಕೇಳಿ, ಬಿಟ್ಟು, ಹೊರಟ ಹಾಗೆ ಮಾಡಿ, ಕಟ್ಟಕಡೆಗೆ "ಅದೆಂತ, ಬಂಗ್ಡಿಯಾ?" ಅನ್ನುವವಳು. ಯತೀಶನನ್ನು ಎಂಟು ವರ್ಷದವನಿರುವಾಗಲೇ ಹಾಗೆ ಪಳಗಿಸಿದ್ದಳು.

ಅವತ್ತು ಊಟಕ್ಕೆ ಕೂತಾಗ ಆಜ್ಞೆ ಆಯಿತು. "ಇನ್ ಆ ಹಸ್ರ್ ಗ್ರೈಂಡರ್ ಯಾರೂ ಕಾಣುಕಾಗ."

"ಅತ್ತೆ, ಫೋನಿಗೆ ಕಣ್ಣಿಲ್ಲೆ," ಅಂದಳು ಸೌಜನ್ಯ.

"ಕಣ್ಣಿಲ್ದೆಯಾ? ಮೊನ್ನೆ ಒಂದ್ ರೇಷ್ಮಿ ಬಟ್ಟಿ ಕಂಡೆ, ಎಲ್ಲಿ ಒತ್ತಿರೂ ಈಗ ಅದೇ ಬಟ್ಟಿ ತೋರ್ಸ್ತಾ ಇತ್ತ್ ಅಂದೇಳಿ ಹೇಳಿದ್ ನೀನೇ ಅಲ್ದಾ?"

ಸೌಜನ್ಯ ಸಾರಿನ ಸೌಟು ಕೈಗೆ ತೆಗೆದುಕೊಂಡಳು.

"ಗಂಟಿಯೂ ಹಸ್ರಿಗೆ ಕಟ್ಟುಕಾಗ. ಬಿಚ್ಚ್ ಮಗಾ. ಆ ಸಣ್ಣ ಕೆಂಪ್ ಇತ್ತಲ, ಎರ್ಡ್ ಲೀಟ್ರಿದ್ದ್, ಅದ್ಕೆ ಕಟ್ಟ್. ಅದನ್ನೇ ದಿನಾ ಕಾಣ್. ಬದಿ ಬುಟ್ಟಿ ದರ ಇಳ್ದ್ರೆ ನಮ್ಮ ಬುಟ್ಟಿದೂ ಇಳ್ದಿರತ್ತ್. ಪೇಟಿಯಗೆ ಯಾವಾಗ್ಲೂ ಹಾಂಗೇ."

ಯತೀಶ ಕೈಯಲ್ಲಿದ್ದ ತುತ್ತು ಹಾಗೇ ಹಿಡಿದು ಯೋಚನೆ ಮಾಡಿದ. ಸೀಟು ಬೇಕಾದವನು ಸೀಟಿನ ಕಡೆ ನೋಡದೆ ಕಂಬ ಹಿಡಿದು ನಿಲ್ಲುವುದನ್ನು ಅವನು ದಿನಾ ಬಸ್ಸಿನಲ್ಲಿ ನೋಡುತ್ತಿದ್ದ. ಅಮ್ಮನ ಮಾತು ಸರಿಯೇ ಅಂತ ಕಂಡಿತು. ಎಡಗೈಯಲ್ಲೇ ಫೋನು ಒತ್ತಿ ಹಸಿರಿನ ಗಂಟೆ ಬಿಚ್ಚಿದ, ಕೆಂಪಿಗೆ ಕಟ್ಟಿದ. ಮೂರು ಸಾವಿರದ ಇನ್ನೂರಕ್ಕೆ ಇಳಿದರೆ ಹೊಡೆಯಲಿ ಅಂತ.

ಸೌಜನ್ಯ ಮಾವನ ಮುಖ ನೋಡಿದಳು. ವೆಂಕಟ ಸಾರು ಕೇಳಿದ.

ಆಮೇಲಿನ ಎರಡೂವರೆ ವಾರವನ್ನು ಆ ಮನೆಯ ಹೆಂಗಸರ ತೋಳನ್ನು ಕೇಳಬೇಕು. ಮಧ್ಯಾಹ್ನ ಎರಡು ಗಂಟೆಗೆ ಕಲ್ಲಿನ ಎದುರು ಕೂತರೆ ಏಳುವಾಗ ದೀಪ ಹಚ್ಚುವ ಹೊತ್ತು. ಒಬ್ಬಳು ಗುಂಡು ತಿರುಗಿಸುವುದು, ಇನ್ನೊಬ್ಬಳು ಕೈಯಿಂದ ಹಿಟ್ಟು ದೂಡುವುದು, ದಣಿದರೆ ಅದಲು ಬದಲು. ಇಪ್ಪತ್ತು ಲೀಟರು ಆಗುವ ಮಾತೇ ಇರಲಿಲ್ಲ. ಮೊದಲ ದಿನ ಹತ್ತಾಯಿತು, ಆಮೇಲೆ ಎಂಟಕ್ಕೆ ನಿಂತಿತು. ಗುಣವತಿಯ ಬಲಭುಜ ಬಾತಿತು. ಬಿಸಿನೀರಿನಲ್ಲಿ ಅದ್ದಿದ ಪಂಚೆ ಸುತ್ತಿಕೊಂಡೇ ಅಡುಗೆ ಮಾಡುತ್ತಿದ್ದಳು. ಸೌಜನ್ಯಳ ಹೊಲಿಗೆ ಮಿಷಿನಿನ ಮೇಲೆ ನವರಾತ್ರಿಯ ರವಿಕೆ ಬಟ್ಟೆಗಳು ಹಾಗೇ ಬಿದ್ದಿದ್ದವು. ಸ್ನೇಹಲತಾ ಟೀಚರು ಬಂದು, "ಹೊಲಿತ್ಯಾ ಇಲ್ಯಾ ಒಂದ್ ಹೇಳ್ ಮಾರಾಯ್ತಿ" ಅಂತ ಕೇಳಿ, ಬಟ್ಟೆ ಎತ್ತಿಕೊಂಡು ಹೋದರು.

ಮನೆಯ ಊಟವೂ ಕೆಟ್ಟಿತು. ಒಂದು ಭಾನುವಾರ ಬಂಗುಡೆ ಸಾರಿಗೆ ವೆಂಕಟ ಮುಖ ಹುಳಿ ಮಾಡಿದ.

"ಎಂತ ಗುಣ, ಕಾಯಿ ಹಲ್ಲಿಗೆ ಸಿಕ್ತಾ ಇತ್ತಲ. ಮಸಾಲಿ ಅರಿಯುಕೆ ಆತಿಲ್ಯಾ?"

"ಹಲ್ಲ್ ಎಂತಕ್ಕೆ ಇಪ್ಪುದ್? ಅದ್ರಗೆ ಅರ್ದ್ಕಣಿ."

"ಇನ್ನೊಂದ್ ವಾರ ಅಮ್ಮ," ಅಂದ ಯತೀಶ. "ಕೆಂಪ್ ಇಳಿತಾ ಇತ್ತ್. ಮೂರ್ ಸಾವ್ರದ ನಾನೂರಕ್ಕೆ ಬಂತ್."

"ನಿಂಗೆ ಒಂದ್ ವಾರ. ನಂಗೆ ದಿವ್ಸಕ್ಕೆ ಎಂಟ್ ಲೀಟ್ರ್. ನನ್ ದುಡ್ಡ್ ನಂಗೆ ಕೊಡ್. ನಾಳಿಗ್ ದೇವು ಅಂಗ್ಡಿಗೆ ಹೋತೆ."

"ಎರಡೂವರಿ ಸಾವ್ರ ಬಿಟ್ಟ್ ಬಿಡುದಾ? ಅಷ್ಟಕ್ಕೆ ನಾನ್ ಎಷ್ಟ್ ಟಿಕೇಟ್ ಹರಿಬೇಕ್, ಗೊತ್ತಾ?"

"ನೀನ್ ಹರಿಯುದ್ ಟಿಕೇಟ್. ನಾನ್ ಹರಿತಾ ಇಪ್ಪುದ್ ತೋಳ್."

"ಅಮ್ಮ, ಕಾಯುಕೆ ಹೇಳಿದ್ ನಾನ್ ಹೌದ್. ಇಷ್ಟ್ ಕಾದ್ ಈಗ ಬಿಟ್ರೆ, ಕಾದದ್ದೂ ಹೋಯ್ತ್, ದುಡ್ಡೂ ಹೋಯ್ತ್!"

ಗುಣವತಿ ಎದ್ದು ಒಳಗೆ ಹೋದಳು. ದುಡ್ಡು ಅವಳದ್ದು. ಆದರೆ ಕಾರ್ಡು ಮಗನ ಪರ್ಸಿನಲ್ಲಿ, ನಂಬರು ಮಗನ ತಲೆಯಲ್ಲಿ.

ಅದರ ಮಾರನೆಯ ವಾರ ಗೋವರ್ಧನ ಎರಡು ಡಬ್ಬಿಯ ಮುಚ್ಚಳ ತೆಗೆದು, ಒಳಗೆ ನೋಡಿ, ಮುಚ್ಚಿದ. ದಪ್ಪ ಮನುಷ್ಯ, ಮೆಲ್ಲ ಮಾತಾಡುವವನು.

"ಗುಣಕ್ಕ, ಗುರುವಾರ ನವರಾತ್ರಿ ಸುರು. ದೇವಸ್ಥಾನಕ್ಕೆ ಬಪ್ಪರ್ ಕೈ ಮುಗ್ದ್ ಸೀದಾ ಬಪ್ಪುದ್ ನನ್ನ ಅಂಗ್ಡಿಗೆ. ಇಪ್ಪತ್ ಲೀಟ್ರ್ ಬೇಕೇ ಬೇಕ್. ಎಂಟ್ ಲೀಟ್ರ್ ತಕಂಡ್ ನಾನ್ ಎಂತ ಗೋಡಿಗೆ ಪೋಸ್ಟರ್ ಅಂಟ್ಸುದಾ?"

"ಗ್ರೈಂಡರ್ ಬತ್ತಾ ಇತ್ತ್ ಗೋವರ್ಧನ."

"ಚೌತಿಯಿಂದ ಬತ್ತಾ ಇತ್ತ್. ಕುಂದಾಪ್ರದ ಪ್ಯಾಕೇಟ್ ಹಿಟ್ಟಿನ ವ್ಯಾನೂ ಬತ್ತಾ ಇತ್ತ್, ದಿನಾ, ನನ್ನ ಬಾಗ್ಲ ಎದ್ರೇ ನಿಲ್ಲತ್ತ್. ಗುರುವಾರ ಇಪ್ಪತ್ ಇಲ್ದಿರೆ ನಾನ್ ಅವ್ನಿಗ್ ಕೈ ತೋರ್ಸ್ತೆ. ಬೇಜಾರ್ ಮಾಡುಕಾಗ."

ಸೋಮವಾರ ಯತೀಶನಿಗೆ ರಜೆ. ಮಧ್ಯಾಹ್ನ ನಾಲ್ವರೂ ಊಟಕ್ಕೆ ಕೂತಿದ್ದರು. ಕೆಸುವಿನ ಎಲೆಯ ಚಟ್ನಿ, ಗಂಜಿ. ಕಿಟಕಿಯ ದಂಡೆಯ ಮೇಲಿದ್ದ ಫೋನು ಟಿಣ್ ಟಿಣ್ ಅಂತ ಹೊಡೆಯಿತು.

ಯತೀಶ ಗಂಜಿ ಮೆತ್ತಿದ ಕೈಯಲ್ಲೇ ಹಾರಿದ. "ಬಿತ್ತ್! ಬಿತ್ತ್ ಅಮ್ಮ! ಕೆಂಪ್ ಮೂರ್ ಸಾವ್ರದ ನೂರ ತೊಂಬತ್ತ್!"

ಗುಣವತಿಯ ಭುಜದ ಮೇಲಿನ ಪಂಚೆ ಜಾರಿತು. "ದೇವ್ರೆ. ಬೇಗ ಹಸ್ರ್ ಕಾಣ್. ಈಗ ಕಾಂಬುಕೆ ಅಡ್ಡಿಲ್ಲೆ. ಬೇಗ."

ಯತೀಶ ಹಸಿರನ್ನು ತೆಗೆದ. ಕೈಯನ್ನು ಲುಂಗಿಗೆ ಒರೆಸಿ ಇನ್ನೊಮ್ಮೆ ಒತ್ತಿ ನೋಡಿದ.

"ಎಷ್ಟ್?" ಅಂದ ವೆಂಕಟ.

"ಹದ್ನಾಲ್ಕ್ ಸಾವ್ರದ ಇನ್ನೂರೈವತ್ತ್."

"ಕೆಂಪ್ ಇಳಿಲಿಲ್ಯಾ?"

"ಕೆಂಪ್ ಇಳ್ದಿತ್ತ್. ಇದ್ ಏರಿತ್ತ್."

ಸೌಜನ್ಯ ಕೈ ತೊಳೆದು ಬಂದು ಫೋನು ತೆಗೆದುಕೊಂಡಳು. ಎರಡೂವರೆ ವಾರದಿಂದ ಆ ಮನೆಯಲ್ಲಿ ಯಾರೂ ನೋಡದಿದ್ದ ಹಸಿರಿನ ಗೆರೆಯನ್ನು ಬಿಡಿಸಿ ಅತ್ತೆಯ ಎದುರು ಹಿಡಿದಳು. ಬಲತುದಿಯ ಹತ್ತಿರ ಗೆರೆ ಬಾವಿಗೆ ಬಿದ್ದ ಹಾಗೆ ನೆಟ್ಟಗೆ ಕೆಳಗೆ ಹೋಗಿ, ಮತ್ತೆ ನೆಟ್ಟಗೆ ಮೇಲೆ ಬಂದಿತ್ತು.

"ಮೊನ್ನೆ ಶುಕ್ರವಾರ, ಶನಿವಾರ. ಹನ್ನೊಂದ್ ಸಾವ್ರದ ಏಳ್ನೂರು. ಎರ್ಡ್ ದಿವ್ಸ ಇದ್ದಿತ್ ಅತ್ತೆ. ಇಲ್ಲೊಂದ್ ಕಾಣಿ. ಪ್ರತೀ ತಿಂಗ್ಳೂ ಒಂದ್ನೇ ತಾರೀಕಿಗೆ ದರ ಏರಿತ್ತ್. ಜೂನಗೂ ಏರಿತ್ತ್, ಜುಲೈಯಗೂ ಏರಿತ್ತ್. ಆಗ ನಾವ್ ಯಾರೂ ಕಂಡದ್ದೇ ಇಲ್ಲೆ. ನಾನ್ ಕಂಡದ್ದಕ್ಕೆ ಏರಿದ್ದಲ್ಲ."

ಗಂಜಿಯ ಬಟ್ಟಲಿನಲ್ಲಿ ನೊಣ ಕೂತಿತು. ಯಾರೂ ಓಡಿಸಲಿಲ್ಲ.

ಆಮೇಲೆ ಶುರುವಾಯಿತು ನೋಡಿ. ಗುಣವತಿಯ ಸ್ವರ ರಸ್ತೆಗೆ ಕೇಳುತ್ತಿತ್ತು. "ಮೂರ್ ವಾರ ನನ್ನ ತೋಳ್ ತಿಂದೆಯಲ! ಶುಕ್ರವಾರ ನಾನ್ ಕಲ್ಲಿನ ಎದ್ರ್ ಅಳ್ತಾ ಕೂಕಂಡಿದ್ದೆ, ಆಗ ನಿನ್ ಗಂಟಿ ಎಲ್ಲ್ ಸತ್ತಿತ್ತ್?"

"ಗಂಟಿ ಸಾಯ್ಲಿಲ್ಲೆ! ಹಸ್ರಿಗೆ ಕಟ್ಟಿದ್ ಗಂಟಿ ಬಿಚ್ಚ್ಸಿದ್ ಯಾರ್? ಇಲ್ಲೇ ಕೂಕಂಡ್ ಬಿಚ್ಚ್ ಮಗಾ ಅಂದದ್ ಯಾರ್? ಅದ್ ಪಾಪ ಕಟ್ಟಿದ್ ಕಡಿ ಕೂತ್ ಕೆಂಪ್ ಕಾಯ್ತಾ ಇದ್ದಿತ್!"

"ನಾನ್ ಹಳೀ ಕಾಲದೋಳ್. ನೀನ್ ಕಲ್ತೋನ್ ಅಲ್ದಾ? ನಿಂಗೆ ಬುದ್ಧಿ ಬ್ಯಾಡ್ದಾ?"

"ನಂಗೆ ಬುದ್ಧಿ ಕಲ್ಸಿದ್ ನೀನೇ! ಎಂಟ್ ವರ್ಷಕ್ಕೇ ಮೀನ್ ಪೇಟಿಯಗೆ ನಿಲ್ಸಿ ಕಲ್ಸಿದ್ದೆ!"

"ಸಾಕ್ ಮಾಡಿ," ಅಂದ ವೆಂಕಟ. "ಇನ್ ಹೇಳಿ ಎಂತ ಆತ್ತ್?"

"ನೀವ್ ಸುಮ್ನಿರಿ," ಅಂದರು ಇಬ್ಬರೂ ಒಟ್ಟಿಗೆ.

ಫೋನಿಗೆ ಕಣ್ಣಿಲ್ಲ ಅಂತ ಹೇಳಿದವಳು ಸೌಜನ್ಯ ಒಬ್ಬಳೇ. ಈಗ ಅದನ್ನು ಎತ್ತಿ ಆಡಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಅವಳು ಬಟ್ಟಲುಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋದಳು. ಬಾಗುವಾಗ ಎಡಗೈಯಲ್ಲಿ ಬಲತೋಳು ಹಿಡಿದುಕೊಂಡದ್ದನ್ನು ಗುಣವತಿ ನೋಡಿದಳು.

"ಈಗ್ಲೂ ಅಡ್ಡಿಲ್ಲೆ," ಅಂದ ಯತೀಶ ಸ್ವರ ಇಳಿಸಿ. "ನವರಾತ್ರಿಗೆ ದೊಡ್ಡ ಸೇಲ್ ಇತ್ತ್ ಅಂಬ್ರ್. ಈ ಸಲ ಹಸ್ರಿಗೇ ಕಟ್ತೆ."

"ಇವತ್ತ್ ಹೇಳಿರೆ ಉಪ್ಪುಂದಕ್ಕೆ ಯಾವತ್ತ್ ಮುಟ್ಟತ್ತ್?"

ಯತೀಶ ಒತ್ತಿ ನೋಡಿದ. "ಒಂಬತ್ತ್ ದಿವ್ಸ."

"ಗೋವರ್ಧನ ಹೇಳಿದ್ ಗುರುವಾರ." ಗುಣವತಿ ನೆಲಕ್ಕೆ ಕೈಯೂರಿ ಎದ್ದಳು. "ಕೆಂಪಿಗೆ ಕಟ್ಟ್ಸಿದ್ ನಾನೇ. ಹೌದ್, ಅದ್ ನನ್ನ ತಪ್ಪ್, ನಿಂದಲ್ಲ. ಆರೆ ಇಷ್ಟ್ ದಿವ್ಸ ಕಲ್ಲಿನ ಎದ್ರ್ ಕೂಕಂಡದ್ ನಾನೂ ಆ ಹೆಣ್ಣೂ. ಅದ್ ನಿನ್ನ ಗೆರಿಯಗೆ ಎಲ್ಲೂ ಬರ್ಲಿಲ್ಲೆ. ದುಡ್ಡ್ ತೆಗ್ದ್ ಕೊಡ್. ಪೂರಾ."

ಯತೀಶ ಅಂಗಿ ಹಾಕಿಕೊಂಡು ಎಟಿಎಮ್ಮಿಗೆ ಹೋದ.

ಮಂಗಳವಾರ ಮಹಾಲಯ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಹೊಸ ಮಿಷಿನು ಮನೆಗೆ ತರುವುದು ಬೇಡ ಅಂತ ವೆಂಕಟ ಹಠ ಹಿಡಿದ. ಗುಣವತಿಗೂ ಅದನ್ನು ಮೀರುವ ಧೈರ್ಯ ಇರಲಿಲ್ಲ. ಹಾಗಾಗಿ ಅತ್ತೆ ಸೊಸೆ ಕುಂದಾಪುರಕ್ಕೆ ಹೋದದ್ದು ಬುಧವಾರ.

ದೇವುವಿನ ಅಂಗಡಿಯಲ್ಲಿ ಅದೇ ಹಸಿರು ಗ್ರೈಂಡರು ಬಾಗಿಲ ಹತ್ತಿರವೇ ಇತ್ತು. ಗುಣವತಿ ಅಭ್ಯಾಸದಂತೆ ಅದಕ್ಕೆ ಬೆನ್ನು ಹಾಕಿ ಒಂದು ಮಿಕ್ಸಿ ಎತ್ತಿ ತಿರುಗಿಸಿದಳು, ಮೂಗು ಮುರಿದಳು. ಬಾಗಿಲಲ್ಲಿ ನಿಂತ ಸೌಜನ್ಯ ನಿಟ್ಟುಸಿರು ಬಿಟ್ಟಳು. ಗುಣವತಿ ಮಿಕ್ಸಿ ಕೆಳಗಿಟ್ಟಳು. ತಿರುಗಿ ಹಸಿರಿನ ಎದುರು ಬಂದು ಅದರ ಕಲ್ಲಿನ ಮೇಲೆ ಕೈ ಇಟ್ಟಳು.

"ದೇವು, ನಂಗೆ ಇದೇ ಬೇಕ್. ಇವತ್ತೇ ಬೇಕ್. ಎಷ್ಟಕ್ಕೆ ಕೊಡ್ತೆ ಹೇಳ್."

ದೇವು ಎರಡು ಕ್ಷಣ ತಬ್ಬಿಬ್ಬಾದ. ಗುಣಕ್ಕನ ಬಾಯಿಂದ ಹೀಗೆ ನೇರ ಮಾತು ಅವನು ಕೇಳಿದ್ದಿಲ್ಲ. "ಇಪ್ಪತ್ತೆರ್ಡ್ ಸಾವ್ರದ್ದ್ ಗುಣಕ್ಕ, ನಿಮ್ಗೆ ಅಂದೇಳಿ ಹದ್ನಾಲ್ಕೂವರಿ."

"ಇಪ್ಪತ್ತೆರ್ಡ್ ಸಾವ್ರಕ್ಕೆ ಯಾರೂ ಎಲ್ಲೂ ಮಾರ್ಲಿಲ್ಲೆ. ತೋರ್ಸ್ ಹೆಣ್ಣೆ."

ಸೌಜನ್ಯ ಗೆರೆ ತೋರಿಸಿದಳು. ದೇವು ಕನ್ನಡಕ ಏರಿಸಿ ಎಡದಿಂದ ಬಲಕ್ಕೆ ಬೆರಳು ಓಡಿಸಿದ. ಬಾವಿಯ ಹತ್ತಿರ ಬೆರಳು ನಿಂತಿತು.

"ಹನ್ನೊಂದ್ ಸಾವ್ರದ ಏಳ್ನೂರಾ? ಕಂಪನಿಯರ್ ನಂಗೇ ಇಷ್ಟಕ್ಕೆ ಕೊಡುದಿಲ್ಲೆ ಮರ್ರೆ. ಇನ್ನೊಂದ್ ಸಲ ಈ ಗುಂಡಿ ಬಿದ್ರೆ ನಂಗೂ ಒಂದ್ ಫೋನ್ ಮಾಡಿ, ನಾನೂ ಅಲ್ಲೇ ತಕಂತೆ." ಆಮೇಲೆ ಕನ್ನಡಕ ತೆಗೆದ. "ಕಾಣಿ, ಸುಳ್ಳ್ ಹೇಳುದಿಲ್ಲೆ. ಹದ್ಮೂರ್ ಸಾವ್ರದ ಇನ್ನೂರ್. ಅದ್ರ ಕೆಳ್ಗೆ ನಂಗೆ ಆತಿಲ್ಲೆ. ಮೋಟ್ರ್ ಹಾಳಾರೆ ನಾನೇ ಉಪ್ಪುಂದಕ್ಕೆ ಬತ್ತೆ."

"ಕಟ್ಟ್," ಅಂದಳು ಗುಣವತಿ. ಅವಳ ಜೀವಮಾನದಲ್ಲಿ ಇಷ್ಟು ಬೇಗ ಮುಗಿದ ವ್ಯಾಪಾರ ಇನ್ನೊಂದಿಲ್ಲ.

ಗ್ರೈಂಡರು ಊರಿಗೆ ಬಂದದ್ದು ಯತೀಶನ ಬಸ್ಸಿನಲ್ಲೇ. ಅವನು ಯಾರ ಸಹಾಯವೂ ಬೇಡ ಅಂತ ತಾನೇ ಎತ್ತಿ ಹಿಂದಿನ ಸೀಟಿನ ಅಡಿ ಇಟ್ಟ. ಆಮೇಲೆ ಅಮ್ಮನ ಹತ್ತಿರ ಬಂದು ನಿಂತು, ಹೊರಗೆ ನೋಡುತ್ತಾ, "ಲಗೇಜಿಗೆ ಮೂವತ್ತ್," ಅಂದ. ಗುಣವತಿ ಮೂರು ಹತ್ತರ ನೋಟು ಕೊಟ್ಟಳು. ಅವನು ಟಿಕೇಟು ಹರಿದು ಕೊಟ್ಟ. ತ್ರಾಸಿ ದಾಟುವಾಗ ಮತ್ತೆ ಬಂದು, ನೋಟುಗಳನ್ನು ಅವಳ ಮಡಿಲಿಗೆ ಹಾಕಿ, ಮುಂದಿನ ಬಾಗಿಲಿಗೆ ಹೋದ.

ಹೊಸ ಕಲ್ಲಿಗೆ ಸೀದಾ ಅಕ್ಕಿ ಹಾಕುವ ಹಾಗಿಲ್ಲ. ಎರಡು ಮೂರು ಸಲ ತೌಡು ಹಾಕಿ ತಿರುಗಿಸಿ, ಕಲ್ಲಿನ ಪುಡಿ ಪೂರಾ ಹೋಗುವ ತನಕ ತೊಳೆಯಬೇಕು. ಬುಧವಾರ ಅದರಲ್ಲೇ ಕಳೆಯಿತು. ಹಾಗಾಗಿ ಗುರುವಾರ ಬೆಳಿಗ್ಗೆ ಗೋವರ್ಧನನ ಕ್ಯಾಂಟೀನಿಗೆ ಹೋದದ್ದು ಮತ್ತೆ ಕೈಯಲ್ಲಿ ಅರೆದ ಎಂಟೇ ಲೀಟರು.

ಬಾಗಿಲ ಎದುರು ವ್ಯಾನು ನಿಂತಿತ್ತು. ಒಬ್ಬ ಪ್ಯಾಕೇಟುಗಳನ್ನು ಎಣಿಸಿ ಒಳಗೆ ಇಡುತ್ತಿದ್ದ. ಗುಣವತಿ ಭುಜಕ್ಕೆ ಪಂಚೆ ಸುತ್ತಿಕೊಂಡು ಆ ಪ್ಯಾಕೇಟುಗಳನ್ನೇ ನೋಡುತ್ತಾ ನಿಂತಳು. ಆಮೇಲೆ ಗೋವರ್ಧನನ ಮುಖ ನೋಡಿದಳು.

"ಗ್ರೈಂಡರ್ ಬಂತ್ ಗೋವರ್ಧನ. ನಾಳಿಗ್ ಇಪ್ಪತ್ ತತ್ತೆ. ಖಂಡಿತ ತತ್ತೆ."

ಗೋವರ್ಧನ ಅವಳ ಕಣ್ಣು ನೋಡಿದ, ಪಂಚೆ ನೋಡಿದ, ಮತ್ತೆ ಕಣ್ಣು ನೋಡಿದ. "ತನ್ನಿ. ಬ್ಯಾಡ ಅಂಬುದಿಲ್ಲೆ. ಆರೆ ಲೀಟ್ರಿಗೆ ಮೂವತ್ತೆರ್ಡ್ ಆತಿಲ್ಲೆ ಗುಣಕ್ಕ. ಇಪ್ಪತ್ತೇಳ್."

ಇಪ್ಪತ್ತು ಲೀಟರಿಗೆ ದಿನಕ್ಕೆ ನೂರು ರೂಪಾಯಿ ಹೋದ ಹಾಗೆ. ಒಂದು ತಿಂಗಳಲ್ಲಿ ಮೂರು ಸಾವಿರ, ಆಮೇಲೆ ಪ್ರತೀ ತಿಂಗಳೂ. ಗುಣವತಿ ಮನೆಗೆ ಬಂದು ಹೊಸ ಗ್ರೈಂಡರಿನ ಎದುರು ಕೂತಳು. ಸೌಜನ್ಯ ಚಾ ತಂದಿಟ್ಟಳು.

"ಫೋನಿಗೆ ಕಣ್ಣಿಲ್ಲೆ ಅಂದೇಳಿ ನೀನ್ ಹೇಳಿದ್ ಸರಿ ಹೆಣ್ಣೆ," ಅಂದಳು ಗುಣವತಿ. "ಕಣ್ಣಿಲ್ದಿದ್ದಕ್ಕೆ ಮೂರ್ ವಾರ ಅಡಗಿ ಕೂಕಂಡೆ. ಕಣ್ಣಿಪ್ಪ ಗೋವರ್ಧನನ ಎದ್ರ್ ಹೋಯಿ ಎಲ್ಲ ತೋರ್ಸಿ ಬಂದೆ."

"ಹಾಂಗಾರೆ ಇಪ್ಪತ್ತೇಳಕ್ಕೆ ಕೊಡುದಾ ಅತ್ತೆ?"

"ಅಕ್ಕಿ ನೆನ್ಸ್. ಇಪ್ಪತ್ ಲೀಟ್ರಿಗೆ."

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಗುಡ್ಡನ ರಿಕ್ಷಾದಲ್ಲಿ ನಾಲ್ಕು ಡಬ್ಬಿ, ಅತ್ತೆ, ಸೊಸೆ. ಗುಡ್ಡ ದಿನಾ ಕ್ಯಾಂಟೀನಿನಲ್ಲೇ ತಿನ್ನುವವನು. ದಾರಿಯಲ್ಲಿ ಹೇಳಿದ: "ನಿನ್ನೆ ಪ್ಯಾಕೇಟ್ ದೋಸಿ ಕಾವ್ಲಿ ಬಿಟ್ಟ್ ಏಳ್ಲೇ ಇಲ್ಲೆ ಗುಣಕ್ಕ. ಗೋವರ್ಧನ ಕೆರ್ದ್ ಕೆರ್ದ್ ಕೊಟ್ಟ. ಜನ ಬೈದ್ ಹೋದ್ರ್."

"ಹೌದಾ?" ಅಂದಳು ಗುಣವತಿ. ಭುಜದ ಪಂಚೆ ಬಿಚ್ಚಿ ಮಡಚಿ ಸೊಸೆಯ ಕೈಗೆ ಕೊಟ್ಟಳು. "ಗುಡ್ಡ, ಕ್ಯಾಂಟೀನ್ ಬದಿ ನಿಲ್ಸುಕಾಗ. ಎದ್ರ್ ಬದಿ ನಿಲ್ಸ್."

ಎದುರಿಗೆ ನಾಲ್ಕು ತಿಂಗಳ ಹಿಂದೆ ಶಿರೂರಿನ ಪ್ರಫುಲ್ಲಾ ಒಂದು ಸಣ್ಣ ಚಾ ಹೋಟೆಲು ತೆರೆದಿದ್ದಳು. ಒಲೆ ಊದುತ್ತಿದ್ದಳು. ಗುಣವತಿ ಇಳಿದು ಒಂದು ಡಬ್ಬಿಯ ಮುಚ್ಚಳ ಸಡಿಲಿಸಿ, ಹುಳಿಯ ಪರಿಮಳ ರಸ್ತೆಗೆ ಬಿಟ್ಟು, ಕ್ಯಾಂಟೀನಿಗೆ ಬೆನ್ನು ಹಾಕಿ ನಿಂತಳು.

"ಹ್ವಾಯ್ ಪ್ರಫುಲ್ಲಾ! ನವರಾತ್ರಿಗೆ ದೋಸಿ ಮಾಡುದಿಲ್ಯಾ ನೀನ್?"

"ದೋಸಿಗೆ ಹಿಟ್ಟ್ ಎಲ್ಲಿತ್ತ್ ಗುಣಕ್ಕ? ನಾನೊಬ್ಳೇ."

"ಹೌದ್ ಮಾರಾಯ್ತಿ. ಹಿಟ್ಟಿದ್ರೆ ಕಾವ್ಲಿ ಇತ್ತಾ?"

ಬೆನ್ನ ಹಿಂದೆ ಚಪ್ಪಲಿಯ ಸದ್ದು ರಸ್ತೆ ದಾಟಿ ಬಂತು. "ಗುಣಕ್ಕ! ಹ್ವಾಯ್! ಡಬ್ಬಿ ಎಲ್ಲಿಗ್?" ಅಂದ ಗೋವರ್ಧನ.

"ಎಲ್ಲಿಗೂ ಇಲ್ಲೆ. ಕಾವ್ಲಿ ಎಷ್ಟ್ ದೊಡ್ದಿತ್ತ್ ಪ್ರಫುಲ್ಲಾ?"

"ದೊಡ್ದೇ ಇತ್ತ್ ಗುಣಕ್ಕ. ಬನ್ನಿ, ಕಾಣಿ."

"ನಿನ್ನೆ ನಾನ್ ಇಪ್ಪತ್ತೇಳ್ ಅಂದದ್ದ್," ಅಂದ ಗೋವರ್ಧನ, "ಅದ್ ಒಂದ್ ಮಾತಿಗ್ ಅಂದದ್ದ್. ಮೂವತ್ತ್ ಮಾಡುವ."

"ನಾಕ್ ದೋಸಿ ಒಟ್ಟಿಗ್ ಹಿಡಿತ್ತಾ ಇದ್ರಗೆ?" ಗುಣವತಿ ಬಾಗಿ ಪ್ರಫುಲ್ಲಾಳ ಕಾವಲಿಯನ್ನು ಬೆರಳಿನಿಂದ ಬಡಿದು ನೋಡಿದಳು.

ದೇವಸ್ಥಾನದ ಕಡೆಯಿಂದ ಮೊದಲ ಜನ ಬರತೊಡಗಿದ್ದರು. ಇಬ್ಬರು ಆಗಲೇ ಕ್ಯಾಂಟೀನಿನ ಬೆಂಚಿನ ಮೇಲೆ ಕೂತು ಒಳಗೆ ಇಣುಕುತ್ತಿದ್ದರು. ಗೋವರ್ಧನ ಆ ಕಡೆ ನೋಡಿದ, ಈ ಕಡೆ ನೋಡಿದ.

"ಆಯ್ತ್ ಮರ್ರೆ, ಹಳೀ ದರವೇ. ಮೂವತ್ತೆರ್ಡ್. ಡಬ್ಬಿ ಇಳ್ಸಿ."

ರಿಕ್ಷಾದ ಒಳಗೆ ಸೌಜನ್ಯ ಅತ್ತೆಯ ಪಂಚೆಯಲ್ಲಿ ಬಾಯಿ ಮುಚ್ಚಿಕೊಂಡಳು.

"ಗುಡ್ಡ, ಇಳ್ಸಿ ಕೊಡ್ ಅವ್ರಿಗೆ," ಅಂದಳು ಗುಣವತಿ. ನಾಲ್ಕು ಡಬ್ಬಿಯೂ ರಸ್ತೆ ದಾಟಿ ಒಳಗೆ ಹೋಗುವ ತನಕ ಅವಳು ಪ್ರಫುಲ್ಲಾಳ ಕಾವಲಿಯಿಂದ ಕಣ್ಣು ತೆಗೆಯಲಿಲ್ಲ.